ಅಂಚು ಸವರುವ ಹನುಮೇಶ

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಹನುಮೇಶನದು ಒಂದೇ ಕೆಲಸ: ಮಶೀನಿನಿಂದ ಇಳಿದ ಕಬ್ಬಿಣದ ಬಿಡಿಭಾಗಗಳ ಅಂಚಿನಲ್ಲಿ ಉಳಿದ ಚೂಪನ್ನು ಅರದಿಂದ ಉಜ್ಜಿ ತೆಗೆಯುವುದು. ಲೋಕದ ಕಷ್ಟಗಳೆಲ್ಲ ಚೂಪಾದ ಅಂಚಿನಿಂದಲೇ ಹುಟ್ಟುತ್ತವೆ ಎಂದು ಅವನು ನಂಬಿದ್ದರೆ ತಪ್ಪೇನಿಲ್ಲ.

ಕೊಪ್ಪಳದ ಕಡೆಯಿಂದ ಬಂದು ಅವನ ಬಾಡಿಗೆ ಕೋಣೆಯಲ್ಲಿದ್ದ ತಾಯಿ ಹೊಳೆವ್ವನಿಗೆ ಎಂಬತ್ತು ದಾಟಿತ್ತು. ಅವಳ ತೋಳಿನ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳುವಾಗಿ, ಸುಮ್ಮನೆ ತಾಗಿದರೂ ಸುಲಿದು ಬರುತ್ತಿತ್ತು. ಕ್ಲಿನಿಕ್ಕಿನ ನರ್ಸ್ ಶ್ಯಾಮಲಾ ಪಟ್ಟಿ ಕಟ್ಟಿ, ತೋಳು ಹಿಡಿದು ಎಳೆದು ಎಬ್ಬಿಸಬೇಡಿ, ಬೆನ್ನ ಕೆಳಗೆ ದುಪ್ಪಟಿ ಹಾಕಿ ಎತ್ತಿ ಎಂದಿದ್ದಳು. ಇನ್ನೊಂದು ಗಾಯ ಕೀವಾದರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದೂ ಎಚ್ಚರಿಸಿದ್ದಳು. ಹನುಮೇಶ ಇದನ್ನು ಅಕ್ಷರ ಬಿಡದೆ ಒಪ್ಪಿಸಿದ್ದು ಪಕ್ಕದ ಮನೆಯ ಲಕ್ಷ್ಮಮ್ಮನಿಗೆ. ಹಗಲು ಹೊಳೆವ್ವನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಆ ಮಾತು ತನಗೂ ಸೇರಿದ್ದೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ತನ್ನ ಪಾಲಿನ ಕೆಲಸವೆಂದು ಅವನು ಅರ ಹಿಡಿದ. ಮಂಚದ ಕಾಲು, ಟ್ರಂಕಿನ ಮೂಲೆ, ಬಾಗಿಲ ಚಿಲಕ, ಕೊನೆಗೆ ಸ್ಟೀಲ್ ಲೋಟದ ಬಾಯನ್ನೂ ಉಜ್ಜಿದ. ತಾಯಿ ಬೇಡವೆಂದರೂ ಗಾಜಿನ ಬಳೆ ಬಿಚ್ಚಿಸಿದ. ಇಷ್ಟಾದರೂ ವಾರ ಕಳೆಯುವಷ್ಟರಲ್ಲಿ ತೋಳಿನ ಮೇಲೆ ಹೊಸ ಗಾಯ. ಹನುಮೇಶನಿಗೆ ತಲೆ ಕೆಟ್ಟುಹೋಯಿತು. ಊಟ ಬಿಟ್ಟು ಮತ್ತೆ ಮಂಚ ಉಜ್ಜಲು ಕೂತ. ಇನ್ನೂ ಉಜ್ಜಿದ್ದರೆ ಮಂಚವೇ ಉಳಿಯುತ್ತಿರಲಿಲ್ಲ.

ಮರುದಿನ ಸಂಜೆ ಕೆಲಸದಿಂದ ಬಂದವನೇ ಲಕ್ಷ್ಮಮ್ಮನ ಮೇಲೆ ಹರಿಹಾಯ್ದ. ದನ ಎಳೆದ ಹಾಗೆ ಎಳೆಯುತ್ತೀಯೆಂದು ಬಾಯಿಗೆ ಬಂದದ್ದು ಅಂದುಬಿಟ್ಟ.

"ನಾನು ದುಪ್ಪಟೀಲೇ ಎತ್ತೋದು ಕಣಪ್ಪ. ಇಂಗೆಲ್ಲ ಅನ್ನಿಸ್ಕೊಂಡು ನಾನು ಬರಲ್ಲ," ಎಂದು ಅವಳು ಕೋಣೆಯ ಬೀಗದ ಕೈ ಕಿಟಕಿಯಲ್ಲಿಟ್ಟು ಹೋದಳು. ನಿಜವೇನೆಂದು ತಾಯಿಯನ್ನು ಕೇಳಿದರೆ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ನಾಳೆ ಯಾರನ್ನು ಹುಡುಕುವುದು? ಆ ಚಡಪಡಿಕೆಯಲ್ಲೇ ಅವನು ಅನ್ನ ಕಲಸಿಟ್ಟು, ದಿನವೂ ಮಾಡುವಂತೆ ತಾಯಿಯ ಎರಡೂ ತೋಳು ಹಿಡಿದು ಎತ್ತಿ ಕೂರಿಸಿದ. ಹೆಬ್ಬೆರಳ ಕೆಳಗೆ ಏನೋ ಜಾರಿದಂತಾಯಿತು. ಕೈ ತೆಗೆದರೆ ಚರ್ಮ ಮುದುರಿಕೊಂಡು ಕೆಂಪು ಮಾಂಸ ಕಾಣುತ್ತಿತ್ತು. ಹೊಳೆವ್ವ ಅಯ್ಯೋ ಎನ್ನಲೂ ಇಲ್ಲ. ಹನುಮೇಶ ತನ್ನ ಅಂಗೈ ನೋಡಿಕೊಂಡ. ಜಡ್ಡುಗಟ್ಟಿ, ಬಿರಿದು, ಬಿರುಕಿನಲ್ಲಿ ಕಬ್ಬಿಣದ ಪುಡಿ ಕೂತ ಅಂಗೈ.

"ನಿನಗ ಗೊತ್ತಿತ್ತೇನಬೇ?"

"ಗೊತ್ತಿತ್ತು ಬಿಡು."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮುಟ್ಟೂದು ಬಿಡ್ತಿದ್ದಿ. ಇಡೀ ದಿನದಾಗ ನೀ ನನ್ನ ಮುಟ್ಟೂದು ಇದೊಂದ ಹೊತ್ನ್ಯಾಗ."

ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಲಕ್ಷ್ಮಮ್ಮನ ಕಾಲು ಹಿಡಿಯಬೇಕು, ಪಟ್ಟಿ ಹುಡುಕಬೇಕು, ಈ ಮುದುಕಿಗೆ ನಾಲ್ಕು ಬೈಯಬೇಕು. ಆದರೆ ಹೊಳೆವ್ವ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬಿಡಿಸಿಕೊಂಡರೆ ಮತ್ತೆಲ್ಲಿ ಚರ್ಮ ಹರಿಯುತ್ತದೋ ಎಂದು ಹನುಮೇಶ ಕೈ ಅಲ್ಲಾಡಿಸದೆ ಅಲ್ಲೇ ಕೂತ.