ಬ್ರೇಕ್ ಸರಿಯಾಗಿಯೇ ಇತ್ತು

ಟ್ರಾಕ್ಟರಿನ ಬ್ರೇಕ್ ಕವರ್ ಬಿಚ್ಚಿದ ಮೆಕ್ಯಾನಿಕ್ ನಯಾಜ್ ಭಾಯ್ ಒಳಗೊಮ್ಮೆ ನೋಡಿದರು. ನಮ್ಮ ಮುಖ ನೋಡಿದರು. ಮತ್ತೆ ಒಳಗೆ ನೋಡಿದರು.

ಆಮೇಲೆ ಕೇಳಿದರು: ‘ಮೇಡಂ, ಈ ಗಾಡಿಯೋರು ಬ್ರೇಕ್ ಫೇಲಾಗಿ ಸತ್ತೋದ್ರು ಅಂತ ನಿಮಗ್ಯಾರು ಹೇಳಿದ್ದು?’

ಯಾರು ಹೇಳಿರಲಿಲ್ಲ? ಇಡೀ ಊರೇ ಹೇಳಿತ್ತು.

ಗುಬ್ಬಿ ಹತ್ತಿರದ ನಮ್ಮ ತೋಟ ನೋಡಿಕೊಳ್ಳುವವನು ತಮ್ಮ ಲೋಕೇಶ. ನಾನು ತುಮಕೂರಿನಲ್ಲಿದ್ದುಕೊಂಡು ಭಾನುವಾರ ಮಾತ್ರ ಯಜಮಾನಿಕೆ ಮಾಡಲು ಹೋಗುವವಳು (ಇದು ಅವನ ಮಾತು, ನನ್ನದಲ್ಲ). ಹೋದ ತಿಂಗಳು ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ಅವನು ಸೆಕೆಂಡ್ ಹ್ಯಾಂಡ್ ಟ್ರಾಕ್ಟರ್ ನೋಡಿದ. ಅದರ ಮಾಲೀಕರು ಕೆರೆ ಏರಿ ಇಳಿಯುವಾಗ ಗಾಡಿ ಸಮೇತ ನೀರಿಗೆ ಹೋಗಿ ತೀರಿಕೊಂಡಿದ್ದರು. ಬೆಳಗ್ಗೆ ಹನ್ನೊಂದು ಗಂಟೆಯಲ್ಲಿ. ಅಷ್ಟು ವರ್ಷ ದಿನಾ ಓಡಾಡಿದ ದಾರಿಯಲ್ಲಿ.

‘ಅಂಥ ಗಾಡಿ ನಮಗ್ಯಾಕೋ?’ ಅಂದೆ.

‘ಗಾಡಿಗೇನ್ ಗೊತ್ತಕ್ಕ, ಬುಡು’ ಅಂದ.

ತೀರಿಕೊಂಡವರ ಹೆಂಡತಿ ಮಂಜುಳಾಗೆ ಮೂವತ್ತೈದರ ಆಸುಪಾಸು. ಇಂಜಿನ್ನನ್ನು ಆಕೆಯ ಅಣ್ಣ ರಿಪೇರಿ ಮಾಡಿಸಿದ್ದರು. ಬ್ರೇಕ್ ಮುಟ್ಟಲು ಮಾತ್ರ ಆಕೆ ಯಾರನ್ನೂ ಬಿಟ್ಟಿರಲಿಲ್ಲ. ಟ್ರಾಕ್ಟರನ್ನು ಲಾರಿಗೆ ಹತ್ತಿಸುವಾಗ ನನ್ನ ಕೈ ಹಿಡಿದುಕೊಂಡರು. ‘ಅಕ್ಕ, ಹೊಸ ಬ್ರೇಕ್ ಹಾಕಿಸ್ದೆ ಯಾರೂ ಹತ್ಬೇಡಿ. ಬಿಚ್ಚಿದ ದಿನ ಒಳಗೆ ಹೆಂಗಿತ್ತು ಅಂತ ನಂಗೊಂದ್ ಫೋನ್ ಮಾಡ್ತೀರಾ?’

ಮಾಡ್ತೀನಿ ಅಂದಿದ್ದೆ. ಅಷ್ಟೇ ತಾನೇ?

ಹಾಗಾಗಿ ಕಳೆದ ಭಾನುವಾರ ನಮ್ಮ ಮನೆಯ ಅಂಗಳದಲ್ಲೇ ಕೆಲಸ ಶುರುವಾಯಿತು. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆವು. ನಯಾಜ್ ಭಾಯ್ ಗುಬ್ಬಿಯಿಂದ ಹೊಸ ಲೈನರ್ ಸೆಟ್ ತಂದಿದ್ದರು. ಆ ಡಬ್ಬ ಒಡೆಯಲೇ ಇಲ್ಲ.

‘ನೋಡಿ. ಲೈನರು ಹೊಚ್ಚ ಹೊಸದು. ಸವೆದೇ ಇಲ್ಲ’ ಎಂದು ಉಗುರಿನಲ್ಲಿ ಕೆರೆದು ತೋರಿಸಿದರು. ಬೂದುಬಣ್ಣದ ಒಣಗಿದ ಮಣ್ಣು ಉದುರಿತು. ‘ಇದು ಕೆರೆ ಗೋಡು. ಅಂದ್ರೆ ನೀರಿಗೆ ಹೋಗೋಕ್ ಮುಂಚೆನೇ ಹಾಕವ್ರೆ. ಮೆಕ್ಯಾನಿಕ್ ಕೆಲ್ಸ ಅಲ್ಲ, ಮನೇಲೇ ಹಾಕಿರೋದು. ಇಲ್ಲಿ ಪಿನ್ ಬದ್ಲು ತಂತಿ ಸುತ್ತವ್ರೆ. ಆದ್ರೆ ಒಂದೇ ಒಂದ್ ತಪ್ಪಿಲ್ಲ.’

ಎರಡೂ ಕಡೆ ಬಿಚ್ಚಿದರು. ಎರಡೂ ಹಾಗೇ.

ಮಣ್ಣು ತೆಗೆದು, ಅವನ್ನೇ ಮತ್ತೆ ಜೋಡಿಸಿದರು. ‘ಓಡಿಸಿ ನೋಡೋಣ’ ಅಂದರು. ನಮ್ಮ ತೋಟದ ದಾರಿ ಸ್ವಲ್ಪ ಇಳಿಜಾರು. ತುದಿಯಲ್ಲಿ ಕೃಷಿ ಹೊಂಡ. ಅದಕ್ಕಿಂತ ಸಾಕಷ್ಟು ಮೊದಲೇ ಒಂದು ಬಾಗಿದ ತೆಂಗಿನಮರ. ‘ನ್ಯೂಟ್ರಲ್ಲಲ್ಲಿ ಬುಡಿ. ಆ ಮರದ ತಾವ ಬ್ರೇಕ್ ಒತ್ತಿ.’

ಲೋಕೇಶ ಹತ್ತಿ ಕೂತ. ಟ್ರಾಕ್ಟರ್ ಮೆಲ್ಲಗೆ ಉರುಳಿತು.

ಮರ ಬಂತು. ಮರ ದಾಟಿತು.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಭಾನುವಾರವಾದ್ದರಿಂದ ಬಿದರೆಹಳ್ಳ ಕಾವಲ್‌ನ ಕಾರ್ಖಾನೆ ಕಡೆಯಿಂದ ಹೆಲಿಕಾಪ್ಟರ್ ಸದ್ದೂ ಇರಲಿಲ್ಲ. ಗಾಳಿ ಇಲ್ಲ. ಒಂದು ಗರಿಯೂ ಅಲುಗುತ್ತಿಲ್ಲ. ಅವನ ಬೆನ್ನು ನೆಟ್ಟಗಿತ್ತು. ಎರಡು ಕೈಯೂ ಸ್ಟೀರಿಂಗ್ ಮೇಲೆ. ಬಸ್ಸಿನ ಕಿಟಕಿ ಪಕ್ಕ ಆರಾಮಾಗಿ ಕೂತವರ ಹಾಗೆ. ವೇಗ ಏರುತ್ತಿತ್ತು.

‘ಬ್ರೇಕು! ಲೋಕೇಶಣ್ಣಾ, ಬ್ರೇಕು!’ ನಯಾಜ್ ಭಾಯ್ ಕೂಗುತ್ತಾ ಓಡಿದರು. ನಾನೂ ಹಿಂದೆಯೇ ಓಡಿದೆ.

ಹೊಂಡಕ್ಕೆ ಎರಡು ಮಾರು ಇದ್ದಾಗ ಟ್ರಾಕ್ಟರ್ ನಿಂತಿತು. ಗಕ್ಕನೆ. ನೆಲಕ್ಕೆ ಮೊಳೆ ಹೊಡೆದ ಹಾಗೆ. ಅಷ್ಟು ಚೆನ್ನಾಗಿತ್ತು ಬ್ರೇಕು.

ಅವನು ಇಳಿದು ಬಂದಾಗ ಬೈಯಲು ಬಾಯಿ ತೆರೆದೆ. ಮುಖ ನೋಡಿ ದನಿ ತಗ್ಗಿಸಿದೆ.

‘ಯಾಕೋ ಒತ್ತಲಿಲ್ಲ?’

‘ಗೊತ್ತಿಲ್ಲಕ್ಕ. ಕಾಲು ಪೆಡಲ್ ಮೇಲೇ ಇತ್ತು. ಭಾಯ್ ಕೂಗು ಕಿವಿಗೆ ಬೀಳೋಗಂಟ ಒತ್ಬೇಕು ಅಂತ ಅನ್ನಿಸ್ಲೇ ಇಲ್ಲ.’ ಅಲ್ಲೇ ಕುಕ್ಕರಿಸಿ ಅಂದ: ‘ಭಯಾನೂ ಆಗ್ಲಿಲ್ಲ ಕಣಕ್ಕ. ಅದೇ ಈಗ ಭಯ ಆಯ್ತಿರೋದು.’

ನಯಾಜ್ ಭಾಯ್ ಸಾಮಾನು ಚೀಲಕ್ಕೆ ತುಂಬಿಕೊಂಡರು. ಟೀ ಕೊಟ್ಟೆ, ಕುಡಿಯದೆ ಹೋದರು.

ನಾನು ಮಾಡುವ ಮೊದಲೇ ಮಂಜುಳಾ ಫೋನ್ ಬಂತು. ‘ಅಕ್ಕ, ಬಿಚ್ಚಿದ್ರಾ?’

ಏನು ಹೇಳುವುದು? ಸಾವಿನ ಮನೆಯಲ್ಲಿ ನಮಗೆಲ್ಲ ದೂರಲು ಒಂದು ಪಾರ್ಟ್ ಬೇಕು. ಹಾರ್ಟು, ಬೀಪಿ, ಬ್ರೇಕು. ಅದು ಸಿಕ್ಕಿದರೆ ಮನಸ್ಸಿಗೆ ಸಮಾಧಾನ, ಮುಂದಿನ ಪ್ರಶ್ನೆ ಇರುವುದಿಲ್ಲ. ನಾನೂ ಆಕೆಗೆ ಒಂದು ಪಾರ್ಟ್ ಕೊಟ್ಟೆ.

‘ಬಿಚ್ಚಿದ್ವಮ್ಮ. ಪೂರ್ತಿ ಹೋಗಿತ್ತು. ಅದಕ್ಕೇ ಹಿಡಿದಿಲ್ಲ’ ಅಂದೆ. ಪುಣ್ಯದ ಕೆಲಸ ಮಾಡಿದೆ ಅಂತಲೇ ಅಂದುಕೊಂಡೆ.

‘ಹಂಗಾರೆ ನಾನೇ ಅಕ್ಕ’ ಅಂದರು. ‘ಅವ್ರು ಹೋಗೋಕ್ ನಾಕು ದಿನ ಮುಂಚೆ ಅವ್ರೇ ಮನೇಲಿ ಹೊಸ ಬ್ರೇಕ್ ಹಾಕಿದ್ರು. ಸ್ಪ್ಯಾನರ್ ಎತ್ಕೊಡ್ತಿದ್ದೋಳು ನಾನು. ಪಿನ್ನು ಮುರ್ದೋಯ್ತು. ಅಂಗಡಿಗ್ಯಾಕೆ ಹೋಗ್ತೀರಿ ಅಂತ ತಂತಿ ಸುತ್ತಿದ್ದು ನಾನೇ. ಅದೇ ಬಿಚ್ಕೊಂಡಿರ್ಬೇಕು ಅಂತ ದಿನಾ ಅನ್ಕೊಳ್ತಿದ್ದೆ. ಇವತ್ತು ಗೊತ್ತಾಯ್ತು.’

ಹೊಚ್ಚ ಹೊಸ ಲೈನರ್ ಅಂದಾಗ, ಹಾಕಿದವರಿಗೆ ಒಬ್ಬರು ಜೊತೆಗಿದ್ದಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಒಂದು ಒಳ್ಳೆಯ ಸುಳ್ಳಿನಿಂದ ಆಕೆಯನ್ನೇ ಕೊಲೆಗಾತಿ ಮಾಡಿದ್ದೆ.

‘ಇಲ್ಲ ಮಂಜುಳಾ, ಸುಳ್ಳು ಹೇಳ್ದೆ. ನೀವು ಸುತ್ತಿದ ತಂತಿ ಹಾಗೇ ಇದೆ. ಎರಡೂ ಬ್ರೇಕ್ ಚೆನ್ನಾಗಿವೆ. ಈಗ ಕಣ್ಣಾರೆ ನೋಡಿದೆ’ ಅಂದೆ. ಮೂರು ಸಲ ಹೇಳಿದೆ. ನಯಾಜ್ ಭಾಯ್ ಹತ್ತಿರ ಬೇಕಾದರೆ ಹೇಳಿಸುತ್ತೇನೆ ಅಂದೆ.

ಆಕೆ ಅತ್ತರು. ಬಹಳ ಹೊತ್ತು ಅತ್ತರು. ಹೊರೆ ಇಳಿದವರ ಅಳು ಅದು. ಅಳು ನಿಂತ ಮೇಲೆ ಮೆಲ್ಲಗೆ ಕೇಳಿದರು:

‘ಮತ್ತೆ ಅವ್ರ್ಯಾಕೆ ಒತ್ಲಿಲ್ಲ ಅಕ್ಕ?’

ಜಗಲಿಯ ಮೇಲೆ ಕೂತಿದ್ದ ಲೋಕೇಶ ಹೊಂಡದ ಕಡೆ ನೋಡುತ್ತಿದ್ದ. ಅವನಿಗೆ ಫೋನ್ ಕೊಡಲೇ ಅಂತ ಒಂದು ಕ್ಷಣ ಅನ್ನಿಸಿತು. ಕೊಡಲಿಲ್ಲ. ‘ಗೊತ್ತಿಲ್ಲಮ್ಮ’ ಅಂದೆ. ಅಂದು ಆಕೆಗೆ ಒಂದು ಸುಳ್ಳು ಹೇಳಿದ್ದೆ, ಒಂದು ನಿಜ ಹೇಳಿದ್ದೆ; ಇದು ಅರ್ಧ ನಿಜ.

ಟ್ರಾಕ್ಟರ್ ಈಗ ಶೆಡ್ಡಿನಲ್ಲಿದೆ. ಲೋಕೇಶ ಅದರ ಹತ್ತಿರ ಹೋಗುತ್ತಿಲ್ಲ, ಮಾರೋಣ ಅನ್ನುತ್ತಾನೆ. ನೋಡಲು ಬರುವವರು ಮೊದಲು ಕೇಳುವುದೇ ‘ಬ್ರೇಕ್ ಹೆಂಗಿದೆ?’ ಅಂತ.

ಚೆನ್ನಾಗಿದೆ ಅಂತ ಹೇಳಲೇ?