ಮರಿಲಿಂಗಪ್ಪನವರ ಒರಗು ಸೈಕಲ್ಲು

ಸಗರದ ಮರಿಲಿಂಗಪ್ಪನವರದು ಕಾಲುವೆ ಕಾಯುವ ನೌಕರಿ. ಕೃಷ್ಣೆಯ ನೀರು ಶಹಾಪುರದ ಹೊಲಗಳಿಗೆ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಒಂದು ದಿನ ಕಾಲುವೆಯ ಗೇಟು ತಿರುಗಿಸುವಾಗ ಕಾಲು ಜಾರಿ ಕಲ್ಲಿನ ಮೇಲೆ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಎದ್ದು ಓಡಾಡಲು ಐದು ತಿಂಗಳು ಹಿಡಿಯಿತು. ಆಮೇಲೂ ಸೈಕಲ್ಲಿನ ಮೇಲೆ ಬಾಗಿ ಕೂತರೆ ಸೊಂಟದಿಂದ ಹಿಮ್ಮಡಿಯವರೆಗೆ ನೋವು. ಭಾರ ಎತ್ತಲೇಬಾರದೆಂದು ಡಾಕ್ಟರು ಹೇಳಿದ್ದರು.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಗೆಳೆಯ ಚಾಂದಪಾಶಾ, "ಬಾಗಾಕ ಆಗಲ್ಲಂದ್ರ ಒರಗಿ ತುಳಿಯಪ್ಪಾ" ಎಂದು ಎರಡು ಹಳೆಯ ಸೈಕಲ್ಲು ಕತ್ತರಿಸಿ ಒಂದು ಮಾಡಿಕೊಟ್ಟ. ನೆಲದಿಂದ ಮೊಳದೆತ್ತರದಲ್ಲಿ ಒರಗು ಕುರ್ಚಿ, ಕಾಲು ಚಾಚಿದರೆ ಸಿಗುವಂತೆ ಮುಂದೆ ಪೆಡಲು. ಮರಿಲಿಂಗಪ್ಪ ಮಲಗಿದಂತೆ ಕಾಲುವೆ ದಂಡೆಯ ಮೇಲೆ ಹೊರಟರೆ ಹತ್ತಿ ಬಿಡಿಸುವ ಹೆಂಗಸರು ನಗುತ್ತಿದ್ದರು. ಅವರೂ ನಗುತ್ತಿದ್ದರು. ನೋವಿರಲಿಲ್ಲ.

ತೊಂದರೆಯೆಲ್ಲ ಬಸ್ಸಿನದು. ವಾರದಲ್ಲಿ ಮೂರು ದಿನ ಸಗರದ ಕಡೆ ಕೆಲಸ, ಮೂರು ದಿನ ಸುರಪುರದ ಕಡೆ. ಪ್ರತಿಸಲ ಸೈಕಲ್ಲು ಬಸ್ಸಿನ ತಲೆಯ ಮೇಲೆ ಏರಬೇಕು. ಅವರು ಏಣಿಯ ಪಕ್ಕ ಸುಮ್ಮನೆ ನಿಲ್ಲುತ್ತಿದ್ದರು. ಯಾರಾದರೂ ತಾವಾಗಿ ಎತ್ತಿದರೆ ಸರಿ, ಇಲ್ಲವಾದರೆ ಮುಂದಿನ ಬಸ್ಸು. ಬಾಯಿಬಿಟ್ಟು ಕೇಳಿದರೆ ಕೈಲಾಗದವನೆಂದಾರು ಎಂಬ ಅಳುಕು.

ಒಂದು ಗುರುವಾರ ಹೆಂಡತಿ ದೇವಕಮ್ಮ ತವರಿಗೆಂದು ಜೊತೆಗೆ ಬಂದಿದ್ದರು. ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು, "ಇದು ಸೈಕಲ್ಲೋ, ಮಲಗೋ ಹೊರಸೋ? ಎತ್ತೋರು ಯಾರ್ರಿ? ಟೈಮಾಗೇತಿ, ಬಿಡ್ರಿ" ಎಂದ.

ಮರಿಲಿಂಗಪ್ಪ ಹಿಂದೆ ಸರಿದರು. ದೇವಕಮ್ಮ ಗಂಟು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರಸರನೆ ಏಣಿ ಹತ್ತಿ ಮೇಲೆ ನಿಂತರು.

"ಕೆಳಗಿಂದ ಯಾರರ ಕೈ ಹಚ್ರಿ. ನಾ ಎಳಕೋತೀನಿ."

ನಿಂತವರೆಲ್ಲ ಒಂದು ಗಳಿಗೆ ತಬ್ಬಿಬ್ಬು. ಮೊದಲು ಬಂದವನು ಕಂಡಕ್ಟರೇ; ಹಿಂದೆ ಇನ್ನಿಬ್ಬರು. ಹಗ್ಗ ಬಿಗಿದು ಕಟ್ಟಿದ್ದು ದೇವಕಮ್ಮ.

ಬಸ್ಸು ಊರು ದಾಟಿದ ಮೇಲೆ ಮರಿಲಿಂಗಪ್ಪ ಮೆಲ್ಲಗೆ, "ಅಷ್ಟು ಮಂದ್ಯಾಗ ಏರಬಾರದಿತ್ತು ನೀ" ಎಂದರು.

"ನೀವು ಕೇಳಿದ್ರ ನಾ ಯಾಕ ಏರತಿದ್ದೆ? ಬೆನ್ನಿಗೆ ಪೆಟ್ಟಾಗೇತಿ, ಬಾಯಿಗೇನಾಗೇತ್ರಿ?"

ಅವರಿಗೆ ಸಿಟ್ಟು ಬಂತು. ಸುರಪುರದವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತರು.

ಭಾನುವಾರ ಒಬ್ಬರೇ ವಾಪಸು ಹೊರಟಾಗ, ಕೇಳಲು ಮನಸ್ಸಾಗದೆ ಎರಡು ಬಸ್ಸು ಬಿಟ್ಟರು. ಮೂರನೆಯದು ಬಂದಾಗ ಪಕ್ಕದಲ್ಲಿದ್ದ ಅಪರಿಚಿತನಿಗೆ, "ತಮ್ಮಾ, ನನಗ ಭಾರ ಎತ್ತಾಕ ಬರಂಗಿಲ್ಲ. ಜರಾ ಕೈ ಹಚ್ಚತೀಯೇನು?" ಎಂದರು.

"ಅದಕ್ಕೇನ್ರಿ, ಎಲ್ಲಿ ಹಿಡೀಲಿ ಹೇಳ್ರಿ" ಎಂದ ಅವನು.

ಎಲ್ಲಿ ಹಿಡಿಯಬೇಕೆಂದು ಅವರಿಗೂ ಅಂದೇ ನೆಟ್ಟಗೆ ತಿಳಿದದ್ದು: ಕುರ್ಚಿಯ ಕೆಳಗಿನ ಪೈಪು ಮತ್ತು ಮುಂದಿನ ಗಾಲಿ. ನಿವೃತ್ತಿಯವರೆಗೆ ಹದಿನಾಲ್ಕು ವರ್ಷ ಅದನ್ನೇ ನೂರಾರು ಜನರಿಗೆ ಹೇಳಿದರು. ಕೆಲವರು ಗೊಣಗಿದರು, ಕೆಲವರು ಕೇಳಿಸದಂತೆ ಹೋದರು. ಹೆಚ್ಚಿನವರು ಎತ್ತಿದರು.