ಐಸ್ ಅನ್ವರನ ಅಡಿಗೆ ಪಾಳಿ

ಚಳ್ಳಕೆರೆಯಲ್ಲಿ ಐಸ್ ಅನ್ವರ್ ಎಂದರೆ ಐಸ್‌ಕ್ಯಾಂಡಿ ಮಾರುವವನಲ್ಲ. ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದು, ತೊಂಬತ್ತಾರರಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗಿ ಹದಿನಾಲ್ಕು ತಿಂಗಳು ಅಲ್ಲಿನ ಗಾಡಿಗಳನ್ನು ನೋಡಿಕೊಂಡು ಬಂದ ಮಹಾಶಯ. ಹೋಗುವ ಮುಂಚೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ರಜೆಗೆ ಬಂದರೂ ಕೈಯಲ್ಲಿನ ಸ್ಪ್ಯಾನರು ಹಾರುತ್ತಿತ್ತು. ನಿವೃತ್ತನಾಗಿ ಬಂದು ಮನೆಯ ಮುಂದೆಯೇ ಗ್ಯಾರೇಜು ತೆರೆದವನು ಬೇರೆಯೇ ಆಸಾಮಿ. ಟ್ರಾಕ್ಟರಿನವರು ಎಷ್ಟೇ ಕೂಗಾಡಲಿ, ಚಹಾ ತರಿಸಿ ನಗುತ್ತಿದ್ದ.

“ಲೇ, ಅಲ್ಲಿ ನಿಂಗೆ ಏನು ಮಾಡಿದ್ರೋ?” ಎಂದು ಪಕ್ಕದ ವೆಲ್ಡಿಂಗ್ ಅಂಗಡಿಯ ಉಗ್ರಪ್ಪ ಕೇಳಿದ.

“ಇದ್ದದ್ದು ಇಪ್ಪತ್ತೈದು ಜನ. ಎರಡು ತಿಂಗಳು ಸೂರ್ಯನೇ ಇಲ್ಲ. ಬೆಳಿಗ್ಗೆ ಬೈದವ್ನೇ ಸಂಜೆ ಹಿಮಗಾಳೀಲಿ ನಾನು ದಾರಿ ತಪ್ಪದಂಗೆ ನನ್ನ ಹಗ್ಗ ಹಿಡೀಬೇಕು. ಸಿಟ್ಟು ಇಟ್ಕೊಂಡ್ರೆ ಹೆಂಗೋ ಬದುಕೋದು? ಮಾತು ಬಿಟ್ಟ ಇಬ್ರನ್ನ ಒಂದೇ ಅಡಿಗೆ ಪಾಳಿಗೆ ಹಾಕೋರು!”

ಮನೆಯಲ್ಲಿ ಈ ಜ್ಞಾನಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ತಾಯಿ ಕುಲ್ಸುಮ್ ಬೀ, ಹೆಂಡತಿ ಫರ್ಹತ್ ಒಬ್ಬರೊಡನೊಬ್ಬರು ಮಾತು ಬಿಟ್ಟು ಆರು ವರ್ಷ. ಅವನಿಲ್ಲದಾಗ ಇಬ್ಬರೂ ಹಿತ್ತಲ ಮೇಕೆಗೆ ಹೇಳಿದಂತೆ ಮಾಡಿ ಸುದ್ದಿ ಮುಟ್ಟಿಸುತ್ತಿದ್ದರು; ಬಂದ ಮೇಲೆ ಮೇಕೆಯ ಕೆಲಸ ಇವನಿಗೆ. “ಉಪ್ಪು ಕಮ್ಮಿ ಐತೆ ಅಂತ ಹೇಳು ಅವ್ಳಿಗೆ,” ಎನ್ನುವಳು ತಾಯಿ, ಎರಡಡಿ ದೂರದಲ್ಲಿ ಕೂತ ಸೊಸೆಯನ್ನು ನೋಡದೆ. ಆ ಹಿಮದ ಕತ್ತಲಲ್ಲೂ ನಗು ಕೇಳಿದವನಿಗೆ ಸ್ವಂತ ಮನೆಯ ಮೌನ ಸಹಿಸಲಾಗಲಿಲ್ಲ. ಇವರಿಬ್ಬರೂ ನೇರವಾಗಿ ಮಾತಾಡುವುದನ್ನು ಕೇಳಲೇಬೇಕೆಂದು ಹಠ ಹಿಡಿದ.

ಗೋಡೆಗೆ ಪಾಳಿ ಪಟ್ಟಿ ಅಂಟಿಸಿದ, ಇಬ್ಬರಿಗೂ ಒಂದೇ ಪಾಳಿ. ಇಬ್ಬರೂ ಅಡಿಗೆಮನೆಯತ್ತ ಸುಳಿಯಲಿಲ್ಲ. ಸರಿ, ಇವನೇ ನಿಂತ. ಅಕ್ಕಿ, ಬೇಳೆ, ಆಲೂಗಡ್ಡೆ, ಎಲ್ಲ ಒಂದೇ ಕುಕ್ಕರಿಗೆ. ಎರಡು ದಿನ ಅವರು ಹಲ್ಲು ಕಚ್ಚಿಕೊಂಡು ನುಂಗಿದರು. ಮೂರನೆಯ ದಿನ ಶುಕ್ರವಾರ. ನಮಾಜು ಮುಗಿಸಿ ಬಂದವನು ಬಿರಿಯಾನಿಯ ಮಾಂಸವನ್ನೂ ಅದೇ ಕುಕ್ಕರಿಗೆ ಸುರಿಯಲು ಎತ್ತಿದ.

“ಫರ್ಹತ್! ಹಿಡ್ಕೊಳೇ ಅವ್ನ ಕೈನ!” ಕುಲ್ಸುಮ್ ಬೀ ಚೀರಿದಳು.

“ಹಿಡ್ಕೊಂಡೆ ಅಮ್ಮಿ, ನೀವು ಮಾಂಸ ತಗೊಳ್ರಿ!”

ಇಬ್ಬರೂ ಸೇರಿ ಅವನನ್ನು ಹೊರಗೆ ದಬ್ಬಿ ಚಿಲಕ ಹಾಕಿದರು. ಅನ್ವರ್ ಬಿಸಿಲಿಗೆ ಕಾದಿದ್ದ ಕಟ್ಟೆಯ ಮೇಲೆ ಕೂತು ಕಿವಿಗೊಟ್ಟ.

“ಚಿಕ್ಕೋನಿದ್ದಾಗ್ಲೂ ಹಿಂಗೇ ಕಾಟ ಕೊಡ್ತಿದ್ದ ಇವ್ನು.”

“ನಂಗೆ ಹೇಳ್ಲೇ ಇಲ್ವಲ್ಲ ಅಮ್ಮಿ.”

“ನೀನು ಕೇಳಿದ್ಯಾ?”

ಅನ್ವರನಿಗೆ ಅಳುವೇ ಬಂತು. ಗಲಾಟೆ ಕೇಳಿ ಬಂದ ಉಗ್ರಪ್ಪ ಬಾಗಿಲು ಬಡಿಯಲು ಕೈ ಎತ್ತಿದಾಗ ಅನ್ವರ್ ಅದನ್ನು ಗಬಕ್ಕನೆ ಹಿಡಿದುಕೊಂಡ.

“ಸುಮ್ನಿರೋ ಮಾರಾಯ. ಇನ್ನೊಂದು ಗಂಟೆ ಬಯ್ಕೊಳ್ಲಿ ನನ್ನ.”